ಮಗಳಿಗೆ ಪಾಲಿದೆ, ವಿಧವೆಗೆ ಪಾಲಿದೆ, ಹೆಂಡತಿಗೆ?

ಯಾರದಾದರೂ ಸಂಸಾರ ಮುರಿದು ಕೋರ್ಟಿಗೆ ಹೋಯಿತು ಅಂತ ಗೊತ್ತಾದರೆ ನಮ್ಮ ಜನ ಮೊದಲು ಕೇಳುವುದು ಒಂದೇ ಮಾತು: "ತಿಂಗಳಿಗೆ ಎಷ್ಟು ಕೊಡ್ತಾನಂತೆ?" ಮದುವೆಮನೆಯ ಪಂಕ್ತಿಯಲ್ಲೂ ಇದೇ, ಫೋನಿನಲ್ಲೂ ಇದೇ. ಹೆಣ್ಣಿನ ಕಡೆಯವರು ಕೇಳುವುದೂ ಇದನ್ನೇ, ಗಂಡಿನ ಕಡೆಯವರು ಗೊಣಗುವುದೂ ಇದನ್ನೇ. ಈ ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕೊಡುವವನು ಅವನು, ಕೈಚಾಚುವವಳು ಇವಳು ಅಂತ ಅದರಲ್ಲಿ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಇಬ್ಬರೂ ಸೇರಿ ಕೊಂಡ ಸೈಟು, ಕಟ್ಟಿದ ಮನೆ, ಉಳಿಸಿದ ಠೇವಣಿ, ಇದರಲ್ಲೆಲ್ಲ ಅವಳದ್ದು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿಗುವುದಿಲ್ಲ, ಯಾಕೆಂದರೆ ನಮ್ಮ ಕಾನೂನಿನಲ್ಲೇ ಅದಕ್ಕೆ ಉತ್ತರ ಇಲ್ಲ.

ಸ್ವಲ್ಪ ಬಿಡಿಸಿ ನೋಡಿ. ಹಿಂದೂಗಳಲ್ಲಿ ಮಗಳಾಗಿ ಹೆಣ್ಣಿಗೆ ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಅಣ್ಣತಮ್ಮಂದಿರಷ್ಟೇ ಪಾಲಿದೆ. ಕರ್ನಾಟಕಕ್ಕೆ ಇದು 1994ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಇನ್ನು ಗಂಡ ಉಯಿಲು ಬರೆಯದೆ ತೀರಿಕೊಂಡರೆ ವಿಧವೆಗೂ ಪಾಲಿದೆ. ಹಿಂದೂಗಳಲ್ಲಿ ಮಕ್ಕಳ ಜೊತೆ, ಗಂಡನ ತಾಯಿಯ ಜೊತೆ ಸಮಪಾಲು. ಕ್ರೈಸ್ತರಲ್ಲಿ ಮಕ್ಕಳಿದ್ದರೆ ಮೂರನೇ ಒಂದು ಭಾಗ. ಮುಸ್ಲಿಮರಲ್ಲಿ ಮಕ್ಕಳಿದ್ದರೆ ಎಂಟನೇ ಒಂದು ಭಾಗ. ಲೆಕ್ಕ ಬೇರೆ ಬೇರೆ, ಆದರೆ ಎಲ್ಲ ಧರ್ಮದಲ್ಲೂ ವಿಧವೆ ಹಕ್ಕುದಾರಳು. ಅದೇ ಹೆಂಗಸು ಗಂಡ ಬದುಕಿರುವಾಗಲೇ ಅವನಿಂದ ಬೇರೆಯಾದರೆ? ಅವನ ಸ್ವಯಾರ್ಜಿತ ಆಸ್ತಿಯಲ್ಲಿ ಅವಳಿಗೆ ಒಂದು ಇಟ್ಟಿಗೆಯೂ ಇಲ್ಲ. ಜೀವನಾಂಶ ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹಿಡಿದು ಆ ಮನೆಯಲ್ಲಿ ವಾಸಕ್ಕೆ ಅವಕಾಶ ಕೇಳಬಹುದು. ಮನೆ ಅತ್ತೆಮಾವನ ಹೆಸರಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಅದು ಇರುವ ಹಕ್ಕು, ಒಡೆತನ ಅಲ್ಲ. ಸಂಸಾರಕ್ಕೆ ವರ್ಷಗಟ್ಟಲೆ ದುಡಿದವಳಿಗೆ ಆ ದುಡಿಮೆಯ ಪಾಲು ಸಿಗಬೇಕಾದರೆ ಗಂಡ ಸಾಯಬೇಕು. ಇಂಥ ಏರ್ಪಾಡನ್ನು ನಾವು ಇಷ್ಟು ವರ್ಷ ಹೇಗೆ ಒಪ್ಪಿಕೊಂಡು ಬಂದೆವು ಅಂತ ಯೋಚಿಸಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಅಕ್ಕನ ಲೆಕ್ಕದ ಪುಸ್ತಕ

ನಮ್ಮ ದೊಡ್ಡಮ್ಮನ ಮಗಳು ಒಬ್ಬಳು. ನನಗಿಂತ ದೊಡ್ಡವಳು, ಅಕ್ಕ ಅಂತಲೇ ಕರೆಯುವುದು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಮನೆ ಬಿಟ್ಟು ಬರಬೇಕಾಯಿತು. ಕಾರಣ ಇಲ್ಲಿ ಬೇಡ. ವಕೀಲರ ಆಫೀಸಿಗೆ ನಾನೂ ಜೊತೆಗೆ ಹೋಗಿದ್ದೆ. ಜೀವನಾಂಶ ಕೇಳುವಾಗ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಇದನ್ನು ಕಡ್ಡಾಯ ಮಾಡಿತು. ಆ ನಮೂನೆ ಪುಟಗಟ್ಟಲೆ ಇದೆ. ವಕೀಲರ ಜೂನಿಯರ್ ಹುಡುಗಿ ಒಂದೊಂದೇ ಕಾಲಂ ಓದಿ ಕೇಳುತ್ತಾ ಹೋದಳು. "ಮೇಡಂ, ನಿಮ್ಮ ಉದ್ಯೋಗ?" ಗೃಹಿಣಿ. "ತಿಂಗಳ ಆದಾಯ?" ಇಲ್ಲ. "ನಿಮ್ಮ ಹೆಸರಲ್ಲಿ ಮನೆ, ಸೈಟು, ಜಮೀನು?" ಇಲ್ಲ. "ಠೇವಣಿ, ಷೇರು, ಮ್ಯೂಚುವಲ್ ಫಂಡ್?" ಇಲ್ಲ. "ಸಾಲ?" ಅಕ್ಕ ಸ್ವಲ್ಪ ಯೋಚಿಸಿ ಹೇಳಿದಳು: "ಹೋಮ್ ಲೋನ್ ಇದೆ. ನಂದೂ ಸೈನ್ ಹಾಕಿಸ್ಕೊಂಡಿದ್ರು." ಹೌದು, ಅವಳು ಸಹ ಅರ್ಜಿದಾರಳು. ಸಾಲಕ್ಕೆ ಅವಳ ಸಹಿ ಬೇಕಾಗಿತ್ತು. ಖಾತೆಗೆ, ಕ್ರಯಪತ್ರಕ್ಕೆ ಬೇಕಾಗಿರಲಿಲ್ಲ. ಅಷ್ಟು ಪುಟದ ನಮೂನೆಯಲ್ಲಿ ಅವಳ ಪಾಲಿಗೆ ತುಂಬಿದ್ದು ಸಾಲದ ಕಾಲಂ ಮಾತ್ರ.

ಆಮೇಲೆ ಅಕ್ಕ ಚೀಲದಿಂದ ಒಂದು ಪುಸ್ತಕ ತೆಗೆದಳು. ಮಕ್ಕಳ ಹಳೆಯ ನೋಟ್‌ಬುಕ್ಕು, ಮುಂದಿನ ಪುಟಗಳಲ್ಲಿ ಮಗ್ಗಿ, ಹಿಂದಿನಿಂದ ಮನೆ ಕಟ್ಟಿಸಿದ ಲೆಕ್ಕ. ಸಿಮೆಂಟು ಇಷ್ಟು ಮೂಟೆ, ಜಲ್ಲಿ ಇಷ್ಟು ಲೋಡು, ಸೆಂಟ್ರಿಂಗ್‌ನವರಿಗೆ ಅಡ್ವಾನ್ಸು, ಶನಿವಾರದ ಬಟವಾಡೆ, ಕಂಬಿ ತೂಕದಲ್ಲಿ ಕಡಿಮೆ ಬಂದದ್ದು, ಅದನ್ನು ಅಂಗಡಿಯವನ ಹತ್ತಿರ ಜಗಳ ಮಾಡಿ ಸರಿಮಾಡಿಸಿದ್ದು. ಎಲ್ಲ ಅವಳದ್ದೇ ಅಕ್ಷರ. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ಗೋಡೆಗೆ ಎರಡು ಹೊತ್ತು ನೀರು ಹೊಡೆದದ್ದು, ಗಾರೆಯವರಿಗೆ ಚಹಾ ಮಾಡಿಕೊಟ್ಟದ್ದು, ಮೋಲ್ಡ್ ಹಾಕುವ ದಿನ ಬಿಸಿಲಲ್ಲಿ ನಿಂತದ್ದು ಇವಳು. ಸೈಟಿಗೆ ಮುಂಗಡ ಕೊಡುವಾಗ ಮಾರಿದ್ದು ತವರಿನಿಂದ ತಂದ ಇವಳ ಬಳೆ. ವಕೀಲರು ಪುಸ್ತಕವನ್ನು ತಿರುವಿ ನೋಡಿದರು. ಅವರು ಒಳ್ಳೆಯ ಹೆಂಗಸು, ಮುಖದಲ್ಲಿ ಬೇಸರ ಕಾಣುತ್ತಿತ್ತು. "ನೋಡಿಮ್ಮಾ, ಇದರಿಂದ ನೀವು ಲೆಕ್ಕ ಬರೆದಿದ್ದೀರಿ ಅಂತ ಗೊತ್ತಾಗುತ್ತೆ. ದುಡ್ಡು ಹಾಕಿದ್ದೀರಿ ಅಂತ ಆಗಲ್ಲ. ಬಳೆ ಮಾರಿದ್ದಕ್ಕೆ ರಸೀದಿ ಇದೆಯಾ?" ರಸೀದಿ ಎಲ್ಲಿಂದ ಬರಬೇಕು? ಸಂಸಾರ ಮಾಡುವವರು ಮುಂದೊಂದು ದಿನ ಕೋರ್ಟಿಗೆ ಬೇಕಾಗುತ್ತದೆ ಅಂತ ರಸೀದಿ ಎತ್ತಿಡುತ್ತಾರಾ?

ಸ್ತ್ರೀಧನ ಹೆಂಡತಿಯದ್ದೇ, ಅದು ಗಂಡನ ಕೈಯಲ್ಲಿದ್ದರೂ ಅವಳದ್ದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಎಷ್ಟೋ ಕಡೆ ವಕೀಲರು ಮದುವೆ ಆಲ್ಬಂ ತನ್ನಿ ಅನ್ನುತ್ತಾರೆ. ಫೋಟೋದಲ್ಲಿ ಕಾಣುವ ಸರ, ಬಳೆ, ಜುಮಕಿ ಎಣಿಸಿ ಪಟ್ಟಿ ಮಾಡುತ್ತಾರೆ. ಆ ಚಿನ್ನ ಚಿನ್ನವಾಗಿಯೇ ಉಳಿದಿದ್ದರೆ ಸರಿ. ಸೈಟಾಗಿ, ಗೋಡೆಯಾಗಿ, ಮಗನ ಇಂಜಿನಿಯರಿಂಗ್ ಫೀಸಾಗಿ ಬದಲಾಗಿದ್ದರೆ ಅದರ ಜಾಡು ಹಿಡಿಯುವವರು ಯಾರು?

ಸತ್ತರೆ ಇರುವ ಬೆಲೆ

ಮನೆಗೆಲಸಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ಕೇಳುವವರಿದ್ದಾರೆ. ನಮ್ಮ ಕೋರ್ಟುಗಳು ಬಹಳ ಹಿಂದಿನಿಂದ ಬೆಲೆ ಕಟ್ಟುತ್ತಲೇ ಬಂದಿವೆ. ಗೃಹಿಣಿ ರಸ್ತೆ ಅಪಘಾತದಲ್ಲಿ ಸತ್ತರೆ ಅವಳಿಗೆ ಇಂತಿಷ್ಟು ಆದಾಯ ಇತ್ತು ಅಂತ ಇಟ್ಟುಕೊಂಡು ವಿಮಾ ಕಂಪನಿಯಿಂದ ಪರಿಹಾರ ಕೊಡಿಸುತ್ತಾರೆ. 2021ರ ಜನವರಿಯಲ್ಲಿ ಇಂಥದೇ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮನೆಗೆಲಸ ಕುಟುಂಬದ ಆರ್ಥಿಕ ಸ್ಥಿತಿಗೆ ನಿಜವಾದ ಕೊಡುಗೆ, ಅದನ್ನು ಕೆಲಸವೇ ಅಲ್ಲ ಅನ್ನುವ ಭಾವನೆ ಹೋಗಬೇಕು ಅಂತ ವಿವರವಾಗಿ ಬರೆದರು. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲೂ ಇದರ ಅಳತೆ ಇದೆ. ಸಂಬಳ ಇಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಲೆಕ್ಕ ಇದೆ, ಲೆಕ್ಕ ಹಾಕುವ ವಿಧಾನವೂ ಇದೆ. ಲಾರಿ ಗುದ್ದಿ ಸತ್ತವಳಿಗೆ ಹಾಕುವ ಲೆಕ್ಕವನ್ನು ಬದುಕಿ ಕೋರ್ಟಿಗೆ ಬಂದವಳಿಗೆ ಯಾಕೆ ಹಾಕಬಾರದು?

ಒಬ್ಬ ನ್ಯಾಯಾಧೀಶರು ಹಾಕಿದರು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ ಒಂದು ಆಸ್ತಿ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು ಅದು. ಗಂಡ ಕೆಲಸಕ್ಕೆ ಹೊರದೇಶಕ್ಕೆ ಹೋಗಿದ್ದ. ಹೆಂಡತಿ ಊರಲ್ಲಿ ಮಕ್ಕಳನ್ನು ಸಾಕಿ, ಅವನು ಕಳಿಸಿದ ದುಡ್ಡಿನಲ್ಲಿ ಆಸ್ತಿ ಮಾಡಿದ್ದಳು. ಅವಳು ಮನೆ ನೋಡಿಕೊಂಡಿದ್ದರಿಂದಲೇ ಅವನಿಗೆ ಹೊರಗೆ ದುಡಿಯಲು ಆಯಿತು, ಹಾಗಾಗಿ ಆ ಆಸ್ತಿಯಲ್ಲಿ ಅವಳಿಗೂ ಸಮಪಾಲು ಅಂದರು. ಹೆಂಡತಿಯ ಇಂಥ ದುಡಿಮೆಯನ್ನು ಗುರುತಿಸುವ ಕಾನೂನು ಸದ್ಯ ಇಲ್ಲ, ಆದರೆ ನ್ಯಾಯಾಧೀಶರು ಅದನ್ನು ಗುರುತಿಸಬಾರದು ಅನ್ನುವ ಕಾನೂನೂ ಇಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಓದಿ ಖುಷಿಯಾಯಿತು. ಆದರೆ ಅಕ್ಕನಂಥವರು ಇಂಥ ನ್ಯಾಯಾಧೀಶರೇ ಸಿಗಲಿ ಅಂತ ದೇವರಿಗೆ ಹರಕೆ ಹೊತ್ತುಕೊಂಡು ಕೂರುವ ಹಾಗಾಗಬಾರದು. ಅದು ಕಾನೂನಿನ ಪುಸ್ತಕದಲ್ಲಿ ಇರಬೇಕು.

ಕೈಗೆ ಬಾರದ ಜೀವನಾಂಶ

ಜೀವನಾಂಶ ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಊಟ, ಬಾಡಿಗೆ, ಔಷಧಿಗೆ ಅದು ಬೇಕೇ ಬೇಕು. ಆದರೆ ಅದೊಂದನ್ನೇ ನಂಬಿಕೊಂಡವರ ಪಾಡು ನೋಡಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಕೊಡಿಸುವ ಹಾಗೇ ಇರಲಿಲ್ಲ. ಆ ಮಿತಿ ತೆಗೆದದ್ದು 2001ರಲ್ಲಿ. ಶಾ ಬಾನೋ ಎಂಬ ಮುಸ್ಲಿಂ ಮಹಿಳೆ ಗಂಡನಿಂದ ಜೀವನಾಂಶ ಕೇಳಿದ ಪ್ರಕರಣವನ್ನು ಎಲ್ಲರೂ ಧರ್ಮ ಮತ್ತು ರಾಜಕೀಯದ ಜಗಳವಾಗಿಯೇ ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರುವುದು ಅದರ ಮೊತ್ತ. ಗಂಡ ವಕೀಲ. 1932ರಲ್ಲಿ ಮದುವೆ, 1975ರಲ್ಲಿ ಮನೆಯಿಂದ ಹೊರಗೆ. 43 ವರ್ಷದ ಸಂಸಾರ, ಐದು ಮಕ್ಕಳು. ಹೈಕೋರ್ಟ್ ಕೊಡಿಸಿದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ. ಅದನ್ನೂ ಕೊಡಲಾರೆ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದವನು ಗಂಡ. 43 ವರ್ಷದಲ್ಲಿ ಆ ಮನೆಯಲ್ಲಿ ಏನೇನು ಆಸ್ತಿ ಬೆಳೆಯಿತು, ಅದರಲ್ಲಿ ಅವಳದ್ದೆಷ್ಟು ಅನ್ನುವ ಪ್ರಶ್ನೆಯನ್ನು ಆಗ ಯಾವ ಕಾನೂನಿನಡಿ ಕೇಳಬಹುದಿತ್ತು? ಈಗಲೂ ಕೇಳಲು ದಾರಿ ಇಲ್ಲ.

125ನೇ ಕಲಂ ಈಗ 2023ರ ಹೊಸ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮುಗಿಸಬೇಕು ಅಂತ ಅದರಲ್ಲೇ ಬರೆದಿದೆ. ಫ್ಯಾಮಿಲಿ ಕೋರ್ಟಿನ ಬೆಂಚಿನ ಮೇಲೆ ಕೂತವರನ್ನು ಕೇಳಿ, ವಾಯಿದೆ ಮೇಲೆ ವಾಯಿದೆ. ಒಂದು ಸಲ ಅವರ ವಕೀಲರು ಬರಲಿಲ್ಲ, ಇನ್ನೊಂದು ಸಲ ನೋಟಿಸ್ ವಾಪಸ್, ಮತ್ತೊಂದು ಸಲ ಮೀಡಿಯೇಷನ್‌ಗೆ ಕಳಿಸಿದರು. ಕೊನೆಗೆ ಆದೇಶ ಬಂದರೂ ದುಡ್ಡು ಬರುತ್ತದೆ ಅಂತಿಲ್ಲ. ಬಾಕಿ ವಸೂಲಿಗೆ ಅವಳೇ ಮತ್ತೆ ಅರ್ಜಿ ಹಾಕಬೇಕು, ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ವಾರಂಟ್ ಹೊರಟರೆ ಅವನು ಎಲ್ಲಿದ್ದಾನೆ ಅಂತ ಅವಳೇ ಪತ್ತೆ ಹೇಳಬೇಕು. ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಅಂತ ಇದೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರಿದ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತನ್ನ ಮಕ್ಕಳ ಅಪ್ಪನನ್ನು ಜೈಲಿಗೆ ಕಳಿಸಿ ಎಷ್ಟು ಜನ ನೆಮ್ಮದಿಯಿಂದ ಇರುತ್ತಾರೆ? ಸಂಬಳದಿಂದಲೇ ಮುರಿದು ನೇರವಾಗಿ ಅವಳ ಖಾತೆಗೆ ಹಾಕುವುದು ಕಾನೂನಿನಲ್ಲಿ ಅಸಾಧ್ಯವೇನಲ್ಲ. ಅದನ್ನು ಅವಳು ಬೇಡಿಕೊಂಡಾಗ ಮಾಡುವ ಬದಲು ಆದೇಶದ ದಿನವೇ ತಾನಾಗಿ ಆಗುವಂತೆ ಮಾಡಬೇಕು. ಅಂಗಡಿ, ಗುತ್ತಿಗೆ, ಬೇಸಾಯ ಮಾಡುವವರ ವಿಷಯದಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಹಾಗಾಗಿಯೇ ತಿಂಗಳ ಕಂತಿಗಿಂತ ಆಸ್ತಿಯ ಪಾಲು ಮುಖ್ಯ ಅನ್ನುವುದು. ಪಾಲು ಒಂದು ಸಲ ಕೈಗೆ ಬಂದರೆ ಮುಗಿಯಿತು, ತಿಂಗಳು ತಿಂಗಳು ಅವನ ಮುಖ ನೋಡುವುದು ತಪ್ಪುತ್ತದೆ.

ಕಾರವಾರದ ಆಚೆ

ಇದೆಲ್ಲ ಕನಸಿನ ಮಾತು ಅನ್ನುವವರು ಕಾರವಾರ ದಾಟಿ ಗೋವಾ ಕಡೆ ನೋಡಬೇಕು. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಕಾಲದಿಂದಲೂ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಆಸ್ತಿ ಇಬ್ಬರಿಗೂ ಸೇರಿದ್ದು. ಒಬ್ಬರೇ ಮನೆ ಮಾರಲು ಬರುವುದಿಲ್ಲ, ಇಬ್ಬರೂ ಒಪ್ಪಬೇಕು. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಇದಕ್ಕೇ ಅಂತ ಒಂದು ಕಲಂ ಇದೆ. ಆ ಸಂಹಿತೆಗೆ ಒಳಪಟ್ಟ ದಂಪತಿಗೆ ಸಂಬಳ ಬಿಟ್ಟು ಉಳಿದ ಆದಾಯವನ್ನು ಗಂಡನಿಗೆ ಅರ್ಧ, ಹೆಂಡತಿಗೆ ಅರ್ಧ ಅಂತ ಹಂಚಿಯೇ ತೆರಿಗೆ ಹಾಕುತ್ತಾರೆ. ಅಂದರೆ ಸಂಸಾರದ ಆದಾಯ ಇಬ್ಬರದ್ದು ಅನ್ನುವ ಮಾತನ್ನು ಭಾರತ ಸರ್ಕಾರವೇ ಒಂದು ಮೂಲೆಯಲ್ಲಿ ಒಪ್ಪಿಕೊಂಡಿದೆ. ಗೋವಾದ್ದೆಲ್ಲ ಸರಿಯಾಗಿತ್ತು ಅಂತಲ್ಲ. ಹಳೆಯ ಸಂಹಿತೆ ಆಸ್ತಿಯ ಆಡಳಿತವನ್ನು ಗಂಡನ ಕೈಗೇ ಕೊಟ್ಟಿತ್ತು. ಪಿತ್ರಾರ್ಜಿತವನ್ನೂ ಸೇರಿಸಿ ಅರ್ಧ ಮಾಡುವುದು ನಮ್ಮ ಕಡೆ ಹೊಂದುವುದೂ ಇಲ್ಲ. ಅದಕ್ಕಿಂತ ಜರ್ಮನಿಯವರು 1958ರಿಂದ ಮಾಡಿಕೊಂಡು ಬಂದ ಪದ್ಧತಿ ನನಗೆ ಹಿಡಿಸುತ್ತದೆ. ಸಂಸಾರ ನಡೆಯುವಾಗ ಅವರವರ ಆಸ್ತಿ ಅವರವರದ್ದೇ. ಬೇರೆಯಾಗುವಾಗ ಮದುವೆಯ ದಿನ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಇಬ್ಬರದ್ದೂ ನೋಡುತ್ತಾರೆ. ಯಾರದ್ದು ಜಾಸ್ತಿ ಬೆಳೆದಿದೆಯೋ ಅವರು ಆ ವ್ಯತ್ಯಾಸದಲ್ಲಿ ಅರ್ಧವನ್ನು ಇನ್ನೊಬ್ಬರಿಗೆ ಕೊಡಬೇಕು. ತಂದೆತಾಯಿಯಿಂದ ಬಂದದ್ದನ್ನು ಮೊದಲಿನಿಂದ ಇದ್ದ ಆಸ್ತಿ ಅಂತಲೇ ಹಿಡಿಯುವುದರಿಂದ ಅದು ಹಂಚಿಕೆಗೆ ಬರುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಈ ಚರ್ಚೆ ಎದ್ದ ಕೂಡಲೇ "ನಮ್ಮ ಅಜ್ಜನ ತೋಟ ಸೊಸೆಗೆ ಹೋಗುತ್ತದಾ?" ಅಂತ ಶುರುವಾಗುತ್ತದೆ. ಅಜ್ಜನ ತೋಟ ಹಾಗೇ ಇರಲಿ. ಮದುವೆಯಾದ ಮೇಲೆ ಇಬ್ಬರ ಬೆವರಿನಿಂದ ಬೆಳೆದದ್ದನ್ನು ಮಾತ್ರ ಕೇಳುತ್ತಿರುವುದು. ಗಂಡಸರ ಇನ್ನೊಂದು ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ಸುಳ್ಳು ಕೇಸು ಹಾಕಿ ದುಡ್ಡಿಗೆ ಚೌಕಾಸಿ ಮಾಡುತ್ತಾರೆ ಅನ್ನುತ್ತಾರೆ. ಅಂಥವು ನಡೆಯುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಚೌಕಾಸಿಗೆ ಜಾಗ ಸಿಗುವುದು ಯಾಕೆ? ಯಾರಿಗೆ ಎಷ್ಟು ಅಂತ ಎಲ್ಲೂ ಬರೆದಿಲ್ಲವಲ್ಲ, ಅದಕ್ಕೆ. ಒಂದು ಕೋರ್ಟು ಸಂಬಳದ ಕಾಲು ಭಾಗ ಅನ್ನುತ್ತದೆ, ಇನ್ನೊಂದು ಬೇರೆ ಅನ್ನುತ್ತದೆ. ಮೊತ್ತ ಗೊತ್ತಿಲ್ಲದಿದ್ದಾಗ ಎರಡೂ ಕಡೆಯವರು ಎದುರಿನವರನ್ನು ಸುಸ್ತು ಮಾಡಿ ಗೆಲ್ಲಲು ನೋಡುತ್ತಾರೆ. ಪಾಲು ಕಾನೂನಿನಲ್ಲೇ ನಿಗದಿಯಾಗಿದ್ದರೆ ಕ್ರಿಮಿನಲ್ ಕೇಸು ಹಿಡಿದು ಎಳೆದಾಡುವ ಅಗತ್ಯವೇ ಕಡಿಮೆಯಾಗುತ್ತದೆ. ಈ ನಿಯಮ ಇಬ್ಬರಿಗೂ ಒಂದೇ ಇರಬೇಕು ಅನ್ನುವುದೂ ನನ್ನ ಮಾತು. ಹೆಂಡತಿ ದೊಡ್ಡ ಸಂಬಳದವಳು, ಗಂಡ ಮನೆ ಮಕ್ಕಳನ್ನು ನೋಡಿಕೊಂಡವನು ಅಂದರೆ ಅವನಿಗೂ ಪಾಲು. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಲ್ಲಿ ಈಗಲೂ ಗಂಡನೂ ಜೀವನಾಂಶ ಕೇಳಬಹುದು. ಹಾಗೆಯೇ ಸಾಲ ಇದ್ದರೆ ಅದನ್ನೂ ಹಂಚಿಕೊಳ್ಳಬೇಕು.

ದಿಲ್ಲಿಗೆ ಕಾಯಬೇಕಿಲ್ಲ

ದಿಲ್ಲಿಯಲ್ಲಿ ಈ ಪ್ರಯತ್ನ ಆಗದೇ ಇಲ್ಲ. 2010ರ ವಿವಾಹ ಕಾನೂನು ತಿದ್ದುಪಡಿ ಮಸೂದೆಯಲ್ಲಿ ಹೆಂಡತಿಗೆ ಆಸ್ತಿಯಲ್ಲಿ ಪಾಲಿನ ಮಾತು ಬಂತು. 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಅದನ್ನು ಒಪ್ಪಿತು. ಲೋಕಸಭೆಯಲ್ಲಿ ಮುಂದೆ ಹೋಗಲಿಲ್ಲ, 2014ರಲ್ಲಿ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. 2018ರ ಆಗಸ್ಟ್‌ನಲ್ಲಿ ಕಾನೂನು ಆಯೋಗ ಕೌಟುಂಬಿಕ ಕಾನೂನಿನ ಸುಧಾರಣೆ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. ಮದುವೆಯ ನಂತರ ಗಳಿಸಿದ ಆಸ್ತಿಯನ್ನು ಇಬ್ಬರದ್ದೂ ಅಂತ ನೋಡಬೇಕು, ಮನೆಗೆಲಸವನ್ನೂ ಗಳಿಕೆ ಅಂತ ಒಪ್ಪಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. 2024ರ ಜುಲೈನಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಂ ಅನ್ವಯಿಸುತ್ತದೆ ಅಂದ ತೀರ್ಪಿನಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಹೆಂಡತಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಸಿಗುವಂತಾಗಬೇಕು ಅಂತ ಬರೆದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೇ ಗಂಡಂದಿರಿಗೆ ಇಷ್ಟನ್ನು ಹೇಳಬೇಕಾಗಿದೆ ಅಂದರೆ ಯೋಚಿಸಿ, ಅಲ್ವಾ?

ಆದರೆ ಮದುವೆ, ವಿಚ್ಛೇದನ, ಉತ್ತರಾಧಿಕಾರ ಎಲ್ಲ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು, ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕು, ಅಷ್ಟೆ. ಹೆಣ್ಣುಮಕ್ಕಳ ಪಾಲನ್ನು ಕರ್ನಾಟಕ ತಂದದ್ದು ಇದೇ ದಾರಿಯಲ್ಲಿ, ದಿಲ್ಲಿಗಿಂತ 11 ವರ್ಷ ಮುಂಚೆ. ಅದಕ್ಕೂ ಹಿಂದೆ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿ ವಿಭಾಗದ ಹೊತ್ತಿನಲ್ಲಿ ತಾಯಿ, ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರಿಗೂ ಪಾಲು ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಯ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ಈ ವಿಷಯದಲ್ಲಿ ಮುಂದೆ ನಡೆದ ನಾಡು ನಮ್ಮದು. ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೇಗೆ ಎಲ್ಲ ಧರ್ಮದವರಿಗೂ ಒಂದೇ ಆಗಿದೆಯೋ ಹಾಗೆ, ಯಾರ ಮದುವೆ ಶಾಸ್ತ್ರಕ್ಕೂ ಕೈಹಾಕದೆ, ಬರೀ ಆಸ್ತಿಯ ಬಗ್ಗೆ ಒಂದು ಕಾಯ್ದೆ ಮಾಡಬಹುದು. ಮದುವೆಯ ನಂತರ ಗಳಿಸಿದ್ದರಲ್ಲಿ ಸಮಪಾಲು ಅಂತ ಮೊದಲು ಹಿಡಿಯಬೇಕು. ಮದುವೆ ಕೆಲವೇ ತಿಂಗಳಲ್ಲಿ ಮುರಿದಿದ್ದರೆ, ಅಥವಾ ಬೇರೆ ಬಲವಾದ ಕಾರಣ ಇದ್ದರೆ ನ್ಯಾಯಾಧೀಶರು ಕಾರಣ ಬರೆದು ಬದಲಿಸಲಿ. ಆಗ ಸಾಬೀತು ಮಾಡುವ ಹೊರೆ ಪಾಲು ಕೇಳುವವಳ ಮೇಲೆ ಇರುವುದಿಲ್ಲ, ಪಾಲು ಇಲ್ಲ ಅನ್ನುವವನ ಮೇಲೆ ಇರುತ್ತದೆ. ಹಳ್ಳಿಯ ಕಡೆ ಇಷ್ಟರಿಂದಲೇ ಎಲ್ಲ ಸರಿಹೋಗುವುದಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ, ಗಂಡನ ಹೆಸರಲ್ಲಿ ಏನೂ ಇರುವುದಿಲ್ಲ. ಅಲ್ಲಿ ಅವಳ ಹೊಲದ ದುಡಿಮೆಗೆ ಬೇರೆಯೇ ದಾರಿ ಹುಡುಕಬೇಕು.

ಇಷ್ಟಕ್ಕೆಲ್ಲ ವರ್ಷಗಳು ಹಿಡಿಯಬಹುದು. ಅಷ್ಟರೊಳಗೆ ನೋಂದಣಿ ಕಾಯ್ದೆಗೆ ಒಂದು ಸಣ್ಣ ತಿದ್ದುಪಡಿಯಾದರೂ ಆಗಲಿ. ರಾಜ್ಯ ಈ ಕಾಯ್ದೆಗೆ ಹಿಂದೆ ತಿದ್ದುಪಡಿ ತಂದಿದೆ ಕೂಡ. ಗಂಡ ಹೆಂಡತಿ ವಾಸವಿರುವ ಮನೆಯನ್ನು ಮಾರುವಾಗ, ಅಡ ಇಡುವಾಗ, ದಾನ ಕೊಡುವಾಗ ಸಬ್ ರಿಜಿಸ್ಟ್ರಾರ್ ಇಬ್ಬರ ಸಹಿಯನ್ನೂ ಕೇಳಬೇಕು. ಈಗ ಎಲ್ಲ ಕಾವೇರಿ ತಂತ್ರಾಂಶದಲ್ಲೇ ಆಗುತ್ತದೆ, ಆಧಾರ್ ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. ಅದರಲ್ಲಿ ಇನ್ನೊಂದು ಕಾಲಂ ಸೇರಿಸಿದರೆ ಸಾಕು. ಅಕ್ಕ ತವರಿಗೆ ಬಂದ ಕೆಲವೇ ದಿನಕ್ಕೆ ಅವಳ ಗಂಡ ಆ ಮನೆಯನ್ನು ತನ್ನ ತಮ್ಮನ ಹೆಸರಿಗೆ ದಾನಪತ್ರ ಮಾಡಿಬಿಟ್ಟ. ನೋಂದಣಿ ಕಚೇರಿಯಲ್ಲಿ ಒಂದು ಬೆಳಿಗ್ಗೆಯ ಕೆಲಸ. ಹೆಂಡತಿ ಇದ್ದಾಳಾ, ಅವಳಿಗೆ ಗೊತ್ತಿದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ, ಕೇಳಬೇಕು ಅಂತ ನಿಯಮವೂ ಇರಲಿಲ್ಲ. ಆ ದಾನಪತ್ರ ರದ್ದು ಮಾಡಿಸಲು ಅವಳು ಈಗ ಸಿವಿಲ್ ಕೋರ್ಟಿನಲ್ಲಿ ಬೇರೆ ದಾವೆ ಹೂಡಿದ್ದಾಳೆ.